ಅಮೆರಿಕಕ್ಕೆ ಜಾಮೀನು ಕೊಡಲು ಹೋದ ಮಾವ

ನಮ್ಮ ಸೋದರಮಾವ ಲಿಂಗಸುಗೂರು ಕೋರ್ಟಿನ ಮೆಟ್ಟಿಲು ಹತ್ತಿದಷ್ಟು ಸಲ ಅಲ್ಲಿನ ವಕೀಲರೂ ಹತ್ತಿರಲಿಕ್ಕಿಲ್ಲ. ಹಾಗಂತ ಅವರ ಮೇಲೆ ಕೇಸಿದೆಯೇ? ಛೇ ಛೇ, ಒಂದೂ ಇಲ್ಲ! ಕಳ್ಳತನವಿಲ್ಲ, ಹೊಡೆದಾಟವಿಲ್ಲ, ಬದುವಿನ ಜಗಳವೂ ಇಲ್ಲ. ಮಾವನ ಹವ್ಯಾಸ ಜಾಮೀನು ಕೊಡುವುದು. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಪಾರಿವಾಳ ಸಾಕುತ್ತಾರೆ, ನಮ್ಮ ಮಾವ ಆರೋಪಿಗಳನ್ನು ಬಿಡಿಸುತ್ತಾರೆ. ಮಸ್ಕಿ ಸೀಮೆಯಲ್ಲಿ ಯಾರದೋ ಎಮ್ಮೆ ಯಾರದೋ ಹೊಲಕ್ಕೆ ನುಗ್ಗಿ, ಮಾತಿಗೆ ಮಾತು ಬೆಳೆದು, ಒಬ್ಬನ ತಲೆ ಒಡೆಯಿತೆನ್ನಿ. ಒಡೆಸಿಕೊಂಡವನು ಆಸ್ಪತ್ರೆಗೆ ಹೋಗುತ್ತಾನೆ, ಒಡೆದವನ ಹೆಂಡತಿ ಮಾವನ ಮನೆಗೆ ಬರುತ್ತಾಳೆ. ಮಾವ ಚೀಲ ಹೆಗಲಿಗೇರಿಸುತ್ತಾರೆ. ಅದರಲ್ಲಿ ಹೊಲದ ಪಹಣಿ, ಆಧಾರ್ ಕಾರ್ಡು, ಫೋಟೊ ಎಲ್ಲ ಸದಾ ಸಿದ್ಧ. ಪ್ರತಿಫಲ? ಒಂದು ಕಪ್ಪು ಚಹಾ. ಕುಡಿಸದಿದ್ದರೂ ಬೇಸರವಿಲ್ಲ.

“ಊರಿಗೆ ಉಪಕಾರಿ, ಮನಿಗೆ ಮಾರಿ,” ಎಂದು ನಮ್ಮತ್ತೆ ಗೊಣಗುತ್ತಾರೆ. “ನಾಳೆ ಆ ಮಂದಿ ಓಡಿ ಹೋದ್ರ ನಿಮ್ಮನ್ನ ಹಿಡೀತಾರ, ಗೊತ್ತೈತೇನು?”

“ನಾ ಬಿಡಿಸಿದಾಂವ ಓಡಿ ಹೋಗಂಗಿಲ್ಲ,” ಎನ್ನುತ್ತಾರೆ ಮಾವ.

ಓಡಿಹೋಗಲು ಇವರು ಬಿಟ್ಟರಲ್ಲವೇ? ಪಾಮನಕಲ್ಲೂರಿನ ಒಬ್ಬ ಪುಣ್ಯಾತ್ಮ ಕೋರ್ಟಿನ ತಾರೀಖನ್ನೇ ಮರೆತು, ಅದೇ ದಿನ ಮುಕ್ಕುಂದಕ್ಕೆ ಭತ್ತ ನಾಟಿ ಮಾಡಲು ಹೋಗಿದ್ದ. ಮಾವ ಗದ್ದೆಗೇ ಇಳಿದು, ಅವನ ರಟ್ಟೆ ಹಿಡಿದು, ಮೋಟರ್ ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ನೇರ ಕೋರ್ಟಿಗೆ ತಂದು ನಿಲ್ಲಿಸಿದರು. ಮೊಣಕಾಲವರೆಗೆ ಕೆಸರು! ನ್ಯಾಯಾಧೀಶ ಸಾಹೇಬರು ಇದೇನು ಅವತಾರ ಎಂದು ಕೇಳಿದರೆ ಮಾವ ಕೈಮುಗಿದು, “ಮನುಷ್ಯಾನ್ನ ಹಾಜರ ಮಾಡೀನ್ರಿ ಸಾಹೇಬ್ರ, ಕೆಸರ ಆಮ್ಯಾಲೆ ತೊಳಕೊಂತಾನ” ಅಂದರಂತೆ.

ಮಾವನಿಗೆ ಇನ್ನೊಂದು ಚಟ, ಸಾಯುವುದು. ಪ್ರತಿ ಯುಗಾದಿಗೂ ಹೋಳಿಗೆಯ ಮುಂದೆ ಕೂತು, “ಇದ ಕಡೀ ಯುಗಾದಿ ನೋಡ್ರಿ. ಮುಂದಿನ ವರ್ಷ ನಾ ಇರಂಗಿಲ್ಲ” ಎಂದು ಘೋಷಿಸುತ್ತಾರೆ. ನಾನು ಲಂಗ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಕೇಳುತ್ತಿದ್ದೇನೆ. ಈಗ ನನ್ನ ತಲೆಗೂದಲಿಗೆ ಬಣ್ಣ ಹಚ್ಚುವ ಕಾಲ ಬಂದಿದೆ! “ವರ್ಷಾ ವರ್ಷಾ ಸಾಯ್ತಾರ, ತುಪ್ಪ ಮಾತ್ರ ಕಮ್ಮಿ ಆಗಂಗಿಲ್ಲ,” ಎಂದು ಅತ್ತೆ ಇನ್ನೊಂದು ಹೋಳಿಗೆ ಬಡಿಸುತ್ತಾರೆ.

ಇಂಥ ಮಾವನ ಬದುಕಿನಲ್ಲಿ ಅಮೆರಿಕ ಬಂದದ್ದು ನನ್ನ ಮಗಳು ಪಲ್ಲವಿಯಿಂದ. ಸಿಂಧನೂರಿನ ಕಾಲುವೆ ಕೆಳಗಿನ ಹೊಲಗಳು ನೀರು ಕುಡಿದೂ ಕುಡಿದೂ ಉಪ್ಪು ಉಗುಳುತ್ತಿರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮಾವನ ಹೊಲದ ಒಂದು ಮೂಲೆಯೂ ಸವಳು ಹಿಡಿದು ಬೆಳ್ಳಗಾಗಿದೆ. ಆ ಸವಳು ಮಣ್ಣಿನ ಮೇಲೆಯೇ ಹೆಚ್ಚಿನ ಓದು ಓದುತ್ತೇನೆಂದು ಪಲ್ಲವಿ ಹಟ ಹಿಡಿದಳು. ಅಮೆರಿಕದ ಒಂದು ವಿಶ್ವವಿದ್ಯಾಲಯ ಬಾ ಎಂದಿತು.

“ಮಣ್ಣು ಓದಾಕ ಅಷ್ಟು ದೂರ ಯಾಕಬೇ? ನಮ್ಮ ಹೊಲದಾಗ ಮಣ್ಣಿಲ್ಲೇನು?” ಎಂದರು ಮಾವ.

“ಮಣ್ಣೈತಿ ತಾತಾ, ಮೇಷ್ಟ್ರು ಇಲ್ಲ,” ಅಂದಳು ಪಲ್ಲವಿ.

ವಿಶ್ವವಿದ್ಯಾಲಯ ಬಾ ಎಂದರೆ ಆಯಿತೇ? ಸರಕಾರ ಬಾ ಎನ್ನಬೇಡವೇ? ಸಿಂಧನೂರಿನ ವೀಸಾ ಸಲಹೆಗಾರ ಬಿಸಿಲಲ್ಲೂ ಟೈ ಕಟ್ಟುವ ಮಹಾನುಭಾವ. ಮೊದಲು ಕಾಲೇಜಿನಿಂದ ಐ-ಟ್ವೆಂಟಿ ಎಂಬ ಪತ್ರ, ಆಮೇಲೆ ಒಂದು ಶುಲ್ಕ, ಆಮೇಲೆ ಹನುಮಂತನ ಬಾಲದಂಥ ಒಂದು ಅರ್ಜಿ, ಆಮೇಲೆ ಇನ್ನೊಂದು ಶುಲ್ಕ ಎಂದು ಆತ ಪುರಾಣ ಬಿಚ್ಚಿದ. ಫೋಟೊದಲ್ಲಿ ಕನ್ನಡಕ ಇರಬಾರದಂತೆ. ಕನ್ನಡಕ ತೆಗೆದರೆ ನನ್ನ ಮಗಳು ನನಗೇ ಗುರುತು ಸಿಗುವುದಿಲ್ಲ, ಇನ್ನು ಅಮೆರಿಕದವರಿಗೆ ಸಿಗುತ್ತಾಳೆಯೇ? ಓದುವಷ್ಟು ದುಡ್ಡು ಮನೆಯಲ್ಲಿದೆ ಎಂದು ತೋರಿಸಬೇಕಂತೆ. ಹೋಗಲೇಬೇಕೆಂಬ ಆಸೆ ಕಾಣಬೇಕಂತೆ, ಅಲ್ಲೇ ಉಳಿಯುವ ಆಸೆ ಮಾತ್ರ ಕಾಣಲೇಬಾರದಂತೆ! ಸಾಲದ್ದಕ್ಕೆ ಅವಳ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳನ್ನೆಲ್ಲ ಬಾಗಿಲು ತೆರೆದಿಡಬೇಕು, ಅವರು ಒಳಹೊಕ್ಕು ನೋಡುತ್ತಾರೆ ಎಂದ.

ಇದನ್ನು ಕೇಳಿ ಮಾವ ಬೆವೆತರು. ಏಕೆಂದರೆ ಅವಳ ಪ್ರತಿ ಫೋಟೊದ ಕೆಳಗೂ ಅವರ ಟಿಪ್ಪಣಿ ಇದ್ದೇ ಇದೆ. “ಸೊರಗಿ ಬಿಟ್ಟೀಯಲ್ಲಬೇ, ರೊಟ್ಟಿ ಉಣ್ಣು” ಎಂದು ಒಂದು ಕಡೆ. ಕಾಲೇಜಿನ ಗುಂಪು ಫೋಟೊದ ಕೆಳಗೆ, “ಹಿಂದ ನಿಂತಾಂವ ಯಾರ ಮಗ?”

“ಅಮೆರಿಕದವ್ರು ಓದಿದ್ರ ಏನ್ ತಿಳಕೊಂತಾರಬೇ?” ಎಂದು ನನ್ನನ್ನು ಕೇಳಿದರು.

“ಅದು ಕನ್ನಡದಾಗ ಐತಿ, ಬಿಡ್ರಿ ಮಾಮಾ.”

“ಓದ್ಲಿ ಬಿಡು. ಹಿಂದ ನಿಂತಾಂವ ಯಾರಂತ ಅವರಿಗಾದ್ರೂ ಗೊತ್ತಾದ್ರ ನನಗ ಹೇಳ್ಲಿ. ಆಕಿ ಇನ್ನೂ ಹೇಳಿಲ್ಲ!”

ಇಷ್ಟೆಲ್ಲ ಆಗಿ ಹೈದರಾಬಾದಿನ ಅಮೆರಿಕದ ವೀಸಾ ಕಚೇರಿಗೆ ಸಂದರ್ಶನಕ್ಕೆ ಹೋದ ಹುಡುಗಿ ಸಪ್ಪೆ ಮುಖ ಹೊತ್ತು ವಾಪಸು ಬಂದಳು. ಟೈ ಕಟ್ಟಿದವನು ಬಾಯಿಪಾಠ ಮಾಡಿಸಿದ್ದ ಇಂಗ್ಲಿಷನ್ನು ಗಿಳಿಯ ಹಾಗೆ ಒಪ್ಪಿಸಿದ್ದಳು. ಕಿಟಕಿಯ ಆಚೆಯ ಅಧಿಕಾರಿಗೆ ಇವಳು ತಿರುಗಿ ಬರುತ್ತಾಳೆಂಬ ನಂಬಿಕೆ ಹುಟ್ಟಲಿಲ್ಲ, ವೀಸಾ ಕೊಡಲಿಲ್ಲ. ಮಗಳು ಊಟ ಬಿಟ್ಟಳು. ತರಗತಿ ಶುರುವಾಗುವುದರೊಳಗೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಸೀಟು ಹೋದಂತೆಯೇ.

ಮಾವ ಮಾತ್ರ ಹೊಸ ಹುರುಪಿನಿಂದ ಎದ್ದು ಕೂತರು. “ತಿರುಗಿ ಬರ್ತಾಳಂತ ಅವರಿಗೆ ಖಾತ್ರಿ ಬೇಕು, ಹೌದಿಲ್ಲೋ? ಅಂದ್ರ ಜಾಮೀನು ಕೇಳಾಕತ್ತಾರ! ಮೊದ್ಲ ಹೇಳಬಾರದೇನು?”

ಅಮೆರಿಕದಲ್ಲಿ ಆ ಪದ್ಧತಿ ಇಲ್ಲವೆಂದು ಸಲಹೆಗಾರ ಟೈ ಸಡಿಲಿಸಿಕೊಂಡು ವಿವರಿಸಿದ.

“ಎಂಥಾ ದೇಶಲೇ ಅದು? ಎಮ್ಮಿ ಕಳ್ಳನ್ನ ಬಿಡಾಕ ಇಲ್ಲಿ ಜಾಮೀನು ಕೇಳ್ತಾರ. ಅಲ್ಲಿ ಬೆಳದ ಹುಡುಗೀನ್ನ ಬರೇ ಬಾಯಿ ಮಾತಿನ ಮ್ಯಾಲ ಬಿಡ್ತಾರಂತ!”

ಎಷ್ಟು ಹೇಳಿದರೂ ಕೇಳಲಿಲ್ಲ. ಎರಡನೇ ಸಲ ನಮ್ಮ ಜೊತೆ ಅವರೂ ಹೊರಟರು. ಗರಿಗರಿ ಧೋತರ, ಬಿಳಿ ಟೊಪ್ಪಿಗೆ, ಹೆಗಲಲ್ಲಿ ಅದೇ ಚೀಲ. ಹೈದರಾಬಾದಿನ ಆ ಕಚೇರಿಯ ಗೇಟಿನ ಮುಂದೆ ನಿಂತು ಕಾವಲುಗಾರನಿಗೆ ಪಹಣಿ ತೋರಿಸಿ, ಕೋರ್ಟಿನಲ್ಲಿ ಮಾತಾಡುವ ಗತ್ತಿನಲ್ಲೇ, “ಆಕಿಗೆ ನಾ ಜಾಮೀನು ಅದೀನ್ರಿ. ಆಕಿ ಬರ್ಲಿಲ್ಲಂದ್ರ ನನ್ನ ಹಿಡ್ರಿ” ಅಂದರು. ಅವನಿಗೆ ಕನ್ನಡ ಬಾರದು. ಮಾವ ಅದನ್ನೇ ಉರ್ದುವಿನಲ್ಲಿ ಹೇಳಿದರು. ಆತ ನಕ್ಕ. ಆದರೆ ‘ಚಾಚಾ’ ಎಂದು ಕರೆದು, ರಸ್ತೆಯಾಚೆ ನೆರಳು ತೋರಿಸಿದ. ಮಾವ ನೆರಳಿಗೆ ಹೋಗಲೊಲ್ಲರು. “ಒಳಗಿನಿಂದ ಕೂಗಿದ್ರ ಕೇಳಿಸಬೇಕಲ್ಲ!” ಎಂದು ಬಿಸಿಲಲ್ಲೇ ಕೂತರು. ನಾನು ಕೊಡೆ ಹಿಡಿದು ನಿಂತೆ.

ಒಳಗೆ ನಡೆದದ್ದನ್ನು ಪಲ್ಲವಿ ಆಮೇಲೆ ಹೇಳಿದಳು. ಓದು ಮುಗಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದಾಗ ಬಾಯಿಪಾಠವೆಲ್ಲ ಮರೆತೇ ಹೋಯಿತಂತೆ. ನಮ್ಮ ತಾತನ ಹೊಲದಲ್ಲಿ ಉಪ್ಪೆದ್ದಿದೆ, ಅದನ್ನು ಸರಿಮಾಡಬೇಕು ಅಂದಳಂತೆ. ಬಾಯಿ ತಪ್ಪಿ ಇನ್ನೊಂದು ಮಾತೂ ಬಂತಂತೆ: “ತಾತ ಹೊರಗೆ ಕೂತಿದ್ದಾರೆ. ನಾನು ತಿರುಗಿ ಬಾರದಿದ್ದರೆ ನೀವು ಅವರನ್ನು ಹಿಡಿಯಬಹುದಂತೆ.”

ಅಧಿಕಾರಿ ಅರೆಗಳಿಗೆ ಇವಳನ್ನೇ ನೋಡಿ, ನಕ್ಕು, ಪಾಸ್‌ಪೋರ್ಟು ಇಟ್ಟುಕೊಂಡರಂತೆ. ಇಟ್ಟುಕೊಂಡರೆ ವೀಸಾ ಸಿಕ್ಕಂತೆ. ಈ ಮಾತಿಗೇ ಕೊಟ್ಟರೋ, ಬೇರೆ ಕಾರಣಕ್ಕೋ, ದೇವರೇ ಬಲ್ಲ. ಮಾವನಿಗೆ ಮಾತ್ರ ಎಳ್ಳಷ್ಟೂ ಅನುಮಾನವಿಲ್ಲ. “ಲಿಂಗಸುಗೂರಾಗ ನಡೀತೈತಿ, ಅಮೆರಿಕಾದಾಗ ಯಾಕ ನಡಿಯಂಗಿಲ್ಲ?”

ಪಲ್ಲವಿ ಹೋದಳು. ಅಂದಿನಿಂದ ಮಾವನ ವರ್ತನೆಯೇ ಬದಲಾಯಿತು. ಡಾಕ್ಟರು ಬರೆದ ರಕ್ತದೊತ್ತಡದ ಗುಳಿಗೆಗಳನ್ನು ಎಮ್ಮೆಯ ದಾಣಿಗೆ ಬೆರೆಸುತ್ತೇನೆ ಎನ್ನುತ್ತಿದ್ದವರು ಈಗ ಹೊತ್ತಿಗೆ ಸರಿಯಾಗಿ ನುಂಗುತ್ತಾರೆ. ಉಪ್ಪಿನಕಾಯಿ ಬಿಟ್ಟರು. ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆಯಲು ಹೋಗುತ್ತಾರೆ. ಅತ್ತೆಗೆ ಗಾಬರಿ. ಗಂಡಸರು ಇದ್ದಕ್ಕಿದ್ದಂತೆ ಶಿಸ್ತಿಗೆ ಬಿದ್ದರೆ ಯಾವ ಹೆಂಗಸಿಗೆ ಗಾಬರಿಯಾಗುವುದಿಲ್ಲ, ಹೇಳಿ?

ಯುಗಾದಿ ಬಂತು. ಹೋಳಿಗೆ ಬಿತ್ತು, ತುಪ್ಪ ಬಿತ್ತು. ಪಲ್ಲವಿಯೂ ವಿಡಿಯೊ ಕಾಲಿನಲ್ಲಿ ನಮ್ಮ ಪಂಕ್ತಿಗೆ ಬಂದಿದ್ದಳು. ಎಲ್ಲರೂ ಮಾವನ ಬಾಯನ್ನೇ ನೋಡಿದೆವು. ಮಾವ ಸುಮ್ಮನೆ ಹೋಳಿಗೆ ಮುರಿದರು.

ಅತ್ತೆಗೆ ತಡೆಯಲಾಗಲಿಲ್ಲ. “ಯಾಕ್ರಿ, ಈ ವರ್ಷ ಸಾಯಂಗಿಲ್ಲೇನು?”

“ಹೆಂಗ ಸಾಯಾಕ ಬರ್ತೈತಿ?” ಮಾವ ತಲೆ ಎತ್ತಲಿಲ್ಲ. “ಜಾಮೀನು ಕೊಟ್ಟೀನಲ್ಲ. ಆಕಿ ಬಂದು ಹಾಜರ ಆಗೋತನಕ ನಾ ಇರಬೇಕು.”

ನಗಲು ಬಾಯಿ ತೆರೆದಿದ್ದ ಅತ್ತೆ ಮಾವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ಫೋನಿನ ಆ ಕಡೆ ಪಲ್ಲವಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

“ಹಂಗಾರ ನಾ ಬರೋದ ಇಲ್ಲ ಬಿಡು, ತಾತಾ.”

ಕೋರ್ಟಿನಲ್ಲಿ ಎಂದೂ ಮಾತಿಗೆ ತಡವರಿಸದ ಮನುಷ್ಯ ತುಪ್ಪದ ಬಟ್ಟಲನ್ನು ಅತ್ತ ಸರಿಸಿದರು, ಇತ್ತ ಸರಿಸಿದರು.

“ನೀ ಬಾಬೇ,” ಅಂದರು ಕೊನೆಗೆ. “ಬಂದ ಮ್ಯಾಲ ನಾ ಮ್ಯಾಲಿನ ಸಾಹೇಬ್ರ ಹತ್ರ ಮುಂದಿನ ತಾರೀಖು ಕೇಳ್ತೀನಿ.”