ಬಾಳಕೃಷ್ಣ ಮಾಸ್ತರರ ಎರಡು ನಿಮಿಷದ ಟ್ರೇಲರ್

"ಎರಡೇ ನಿಮಿಷ. ಎರಡು ನಿಮಿಷದಾಗ ಇಡೀ ಶಾಲಿಗೆ ಪುಸ್ತಕದ ಹುಚ್ಚು ಹಿಡಿಸಿ ಬಿಡ್ತೀನಿ, ನೋಡ್ತಿರು," ಎಂದು ಬಾಳಕೃಷ್ಣ ಮಾಸ್ತರರು ಊಟದ ತಾಟಿನ ಮುಂದೆ ಕೂತು ಘೋಷಿಸಿದರು. ಆ ಮಹಾಘೋಷಣೆಯನ್ನು ಕೇಳಿಸಿಕೊಂಡವರು ಅವರ ಹೆಂಡತಿ ಇಂದೂಬಾಯಿ ಒಬ್ಬರೇ.

"ಮದ್ಲ ಸಾರು ಆರೂದ್ರಾಗ ಊಟಾ ಮುಗಸ್ರಿ," ಎಂದರು ಅವರು.

ಮಾಸ್ತರರು ಧಾರವಾಡದಿಂದ ಪುಣೆಗೆ ಬಂದು, ಭೋಸರಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಶಾಲೆಯ ಮಕ್ಕಳು ಹೆಚ್ಚಾಗಿ ಯಾದಗಿರಿ, ಗುಲ್ಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೂ ಕಾರಖಾನೆಯ ಕೆಲಸಕ್ಕೂ ಬಂದವರ ಮಕ್ಕಳು. ಆ ಶಾಲೆಯಲ್ಲಿ ಮಾಸ್ತರರ ಜೀವ ಇದ್ದದ್ದು ಒಂದೇ ಜಾಗದಲ್ಲಿ, ವಾಚನಾಲಯದ ಖೋಲಿಯಲ್ಲಿ. ಪುಣೆಯ ಕನ್ನಡಿಗರ ಮನೆಮನೆಗೆ ಹೋಗಿ, ಚಹಾ ಕುಡಿದು, ಕಾಡಿ ಬೇಡಿ, ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು ಕೂಡಿಸಿದ ಪುಸ್ತಕಗಳು ಅವು. ಒಂದೊಂದಕ್ಕೂ ಕೈಯಾರೆ ರಟ್ಟು ಹಾಕಿದ್ದರು. ಅಷ್ಟೆಲ್ಲ ಮಾಡಿದರೂ ಆ ಖೋಲಿಗೆ ತಪ್ಪದೆ ಬರುತ್ತಿದ್ದದ್ದು ಒಂದು ಬೆಕ್ಕು ಮಾತ್ರ, ಅದೂ ಮಲಗುವುದಕ್ಕೆ.

ಹೀಗಿರುವಾಗ ಶಾಲೆಯ ಚೇರಮನ್ ಸಿದ್ರಾಮಪ್ಪನವರು ಒಂದು ದಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. "ಮಾಸ್ತರ್ರ, ಇದು ಎರಡು ಸಾವಿರದ ಮೂರನೇ ಇಸವಿ. ಮಂದಿ ಕಂಪ್ಯೂಟರ್ ಕೇಳ್ತಾರ. ಶಾಲೀ ಸ್ನೇಹಸಮ್ಮೇಳನದ ತನಕ ನೋಡತೀನಿ. ಹುಡುಗರು ಪುಸ್ತಕ ಒಯ್ದರ ಸರಿ, ಇಲ್ಲಂದ್ರ ಈ ಖೋಲಿ ಕಂಪ್ಯೂಟರಿಗೆ," ಎಂದರು.

ಆ ಸಂಕಟದಲ್ಲೇ ಅವರಿಗೆ ಟ್ರೇಲರ್ ಹೊಳೆದದ್ದು. ಹಿಂದಿನ ವಾರ ಸಿನಿಮಾಕ್ಕೆ ಹೋಗಿದ್ದಾಗ, ಮುಂದೆ ಬರಲಿರುವ ಇನ್ನೊಂದು ಸಿನಿಮಾದ ತುಣುಕು ತೋರಿಸಿದ್ದರು. ನೋಡಿದ ಸಿನಿಮಾ ಗೇಟು ದಾಟುವುದರೊಳಗೆ ಮರೆತುಹೋಗಿತ್ತು, ನೋಡದ ಸಿನಿಮಾ ತಲೆಯಲ್ಲಿ ಕೂತುಬಿಟ್ಟಿತ್ತು. ಪುಸ್ತಕಕ್ಕೂ ಹೀಗೆ ಒಂದು ತುಣುಕು ಮಾಡಿ ತೋರಿಸಿದರೆ ಹುಡುಗರು ಬಾಗಿಲು ಮುರಿದುಕೊಂಡು ಬರುತ್ತಾರೆ ಎಂದು ಮಾಸ್ತರರು ತೀರ್ಮಾನಿಸಿದರು. ಕಥೆಯನ್ನೂ ಬರೆದರು. ಹುಡುಗಿಯೊಬ್ಬಳು ಪುಸ್ತಕ ಓದುತ್ತಾಳೆ, ನಗುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಕಡೆಗೆ ಮಕ್ಕಳ ದಂಡು ವಾಚನಾಲಯದತ್ತ ಓಡುತ್ತದೆ. ಮುಗಿಯಿತು.

ಕ್ಯಾಮರಾ ಇದ್ದದ್ದು ಮಲಕಪ್ಪನ ಹತ್ತಿರ. ಭೋಸರಿ ಕಡೆಯ ಕನ್ನಡದವರ ಮದುವೆ, ಕುಬುಸ, ತೊಟ್ಟಿಲು ಎಲ್ಲದಕ್ಕೂ ವಿಡಿಯೋ ತೆಗೆಯುವವನು ಅವನೇ. ಮಾಸ್ತರರ ಹಳೆಯ ವಿದ್ಯಾರ್ಥಿ ಬೇರೆ. "ನಿಮ್ಮ ಕೆಲಸ ಅಂದಮ್ಯಾಲ ಮುಗೀತ್ರಿ ಸರ. ಈ ಐತವಾರ ಮುಹೂರ್ತ ಇಲ್ಲ, ನಾ ಖಾಲಿನ ಅದೀನಿ," ಎಂದ.

ಐತವಾರ ಬಂತು. ಮಲಕಪ್ಪ ಶಾಲೆಯ ಅಂಗಳದಲ್ಲಿ, ತಾನು ಯಾವಾಗಲೂ ಮಾಡುವ ಹಾಗೆ, ಹಿಂದೆ ಒಂದು ಕೆಂಪು ಮಖಮಲ್ಲಿನ ಪರದೆ ಬಿಟ್ಟ. ಮೇಜಿನ ಮೇಲೆ ಮಾಸ್ತರರು ತಮ್ಮ ಒಳ್ಳೊಳ್ಳೆಯ ಪುಸ್ತಕಗಳನ್ನು ತಂದು ಒಟ್ಟಿದರು. ಓದುವ ಹುಡುಗಿ ಏಳನೆಯ ಇಯತ್ತೆಯ ಸಪ್ನಾ. ಅವಳು ಪುಸ್ತಕ ಹಿಡಿದದ್ದೇನೋ ಸರಿ, ಕಣ್ಣು ಮಾತ್ರ ಕ್ಯಾಮರಾ ಬಿಟ್ಟು ಕದಲಲೊಲ್ಲದು.

"ಪುಸ್ತಕ ನೋಡವಾ," ಎಂದರು ಮಾಸ್ತರರು.

"ವಿಡಿಯೋದಾಗ ಕ್ಯಾಮರಾನ ನೋಡಬೇಕ್ರಿ ಸರ, ಇಲ್ಲಂದ್ರ ಮಾರಿ ಬರಂಗಿಲ್ಲ. ನಮ್ಮವ್ವ ಹೇಳ್ಯಾಳ," ಎಂದಳು ಸಪ್ನಾ. ಎಷ್ಟು ಸಲ ತೆಗೆದರೂ ಅದೇ. ಕಡೆಗೆ ಅವಳನ್ನು ಮನೆಗೆ ಕಳಿಸಿ, ಓದುವ ಪಾತ್ರವನ್ನು ಮಾಸ್ತರರು ತಾವೇ ವಹಿಸಿಕೊಂಡರು. ಕಲೆಗಾಗಿ ಅಷ್ಟು ತ್ಯಾಗ ಮಾಡಲು ಅವರು ಬೆಳಗಿನಿಂದಲೇ ತಯಾರಿದ್ದರು. ಇಸ್ತ್ರಿ ಮಾಡಿದ ಕೋಟು ಚೀಲದಲ್ಲೇ ಇತ್ತು.

ಮಲಕಪ್ಪ ಕ್ಯಾಮರಾದೊಳಗೆ ನೋಡಿ ಮುಖ ಸೊಟ್ಟ ಮಾಡಿದ. "ಸರ, ಒಬ್ಬರ ಕುಂತ್ರ ಫ್ರೇಮ್ ಅರ್ಧಾ ಖಾಲಿ ಹೊಡೀತದ್ರಿ. ಅಕ್ಕಾರ, ನೀವೂ ಬಾಜೂಕ ಬರ್ರಿ."

ಚಹಾದ ಥರ್ಮಾಸ್ ಹಿಡಿದು ಬಂದಿದ್ದ ಇಂದೂಬಾಯಿ ಸೆರಗು ಸರಿಮಾಡಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ಮಲಕಪ್ಪ ಲೈಟು ಹಾಕಿದ. ಮದುವೆಮನೆಯ ಆ ಬಿಳಿ ಬೆಳಕು ಬಿದ್ದ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ಭೋಸರಿಯಲ್ಲಿ ಯಾರೂ ಕೇಳುವುದಿಲ್ಲ. ಕೆಂಪು ಪರದೆ, ಎರಡು ಕುರ್ಚಿ, ಕೋಟು ಹಾಕಿದ ಗಂಡಸು, ಪಕ್ಕದಲ್ಲಿ ಹೆಂಡತಿ. ಇನ್ನೇನು ಬೇಕು?

ಸಪ್ನಾ ಮನೆಗೆ ಹೋಗಿ ಏನು ಹೇಳಿದಳೋ, ಅವಳ ತಾಯಿ ಯಂಕವ್ವ ಗೇಟಿಗೆ ಬಂದು ಒಂದು ಕ್ಷಣ ನೋಡಿದಳು, ಓಡಿದಳು. ಮರಳಿ ಬಂದಾಗ ಮೈಮೇಲೆ ಇಳಕಲ್ ಸೀರೆ, ಕೈಯಲ್ಲಿ ತೆಂಗಿನಕಾಯಿ ಮತ್ತು ಒಂದು ಕುಬುಸದ ಖಣ. ಹಿಂದೆ ಇಡೀ ಓಣಿ.

"ಮನ್ಯಾಗ ಕಾರ್ಯ ಇಟಗೊಂಡು ನಮಗೊಂದ್ ಮಾತು ಹೇಳಲಿಲ್ಲಲ್ರಿ ಸರ," ಎಂದು ಸಿಟ್ಟು ಮಾಡುತ್ತಲೇ ಯಂಕವ್ವ ಇಂದೂಬಾಯಿಯ ಉಡಿಯಲ್ಲಿ ಖಣ, ಕಾಯಿ ಇಟ್ಟಳು.

"ಇದು ಕಾರ್ಯ ಅಲ್ಲವಾ, ಟ್ರೇಲರ್," ಎಂದರು ಮಾಸ್ತರರು ಕಂಗಾಲಾಗಿ.

"ಯಾವುದರೆ ಇರಲ್ರಿ. ಶುಭಕಾರ್ಯ ಹೌದಲ್ರಿ?"

ವಿದ್ಯೆಯ ಕೆಲಸವನ್ನು ಶುಭಕಾರ್ಯವಲ್ಲ ಎಂದು ಒಬ್ಬ ಮಾಸ್ತರ ಹೇಗೆ ಹೇಳಿಯಾನು? "ಹೌದು," ಎಂದರು. ಅಲ್ಲಿಗೆ ಅವರ ಕಥೆ ಮುಗಿಯಿತು.

ಸಾಲು ಹತ್ತಿತು. ಒಬ್ಬರು ಟವೆಲು ತಂದರು, ಒಬ್ಬರು ಸ್ಟೀಲಿನ ಡಬ್ಬಿ, ಮತ್ತೊಬ್ಬರು ಗೋಡೆಗಡಿಯಾರ. ಸಾಲು ಕಂಡದ್ದೇ ಮಲಕಪ್ಪನ ಕೈ ತಾನಾಗಿಯೇ ರೂಢಿಯ ದಾರಿ ಹಿಡಿಯಿತು. "ಇತ್ಲಾಗ ನೋಡ್ರಿ. ಆತು. ಮುಂದ ಸರೀರಿ. ಅಜ್ಜಿ, ತಲಿ ಮ್ಯಾಗ ಸೆರಗ ತೊಗೊ." ಮಾಸ್ತರರು ಪುಸ್ತಕವನ್ನು ಮುಖಕ್ಕೆ ಹಿಡಿದು ಓದುವ ಅಭಿನಯ ಮಾಡಲು ನೋಡಿದರೆ, "ಸರ, ಪುಸ್ತಕ ಅಡ್ಡ ಬರತದ್ರಿ, ತಗೀರಿ," ಎಂದು ಅವನೇ ಗದರಿಸಿದ.

ಅಷ್ಟರಲ್ಲಿ ಇಂದೂಬಾಯಿಯವರಿಗೆ ಬೇರೆ ಚಿಂತೆ ಶುರುವಾಗಿತ್ತು. ಆಯೇರಿಯೆಂದು ಉಡುಗೊರೆ ತಂದವರಿಗೆ ತಿರುಗಿ ಏನಾದರೂ ಕೊಡದೆ ಕಳಿಸಿದ ಹೆಣ್ಣು ಅವರ ತವರಿನಲ್ಲೂ ಇರಲಿಲ್ಲ, ಅತ್ತೆಯ ಮನೆಯಲ್ಲೂ ಇರಲಿಲ್ಲ.

"ಏನ್ರೀ, ಇಷ್ಟು ಮಂದೀನ ಬರೇ ಕೈಲೆ ಕಳಸೂದೇನು?" ಎಂದು ಪಿಸುಗುಟ್ಟಿದರು.

"ನಾ ಏನ್ ಕೊಡ್ಲಿ ಇಂದೂ? ಇಲ್ಲಿ ಏನದ?"

ಇಂದೂಬಾಯಿ ಸುತ್ತ ನೋಡಿದರು. ಮೇಜಿನ ಮೇಲೆ ಪುಸ್ತಕಗಳಿದ್ದವು. ಮಾಸ್ತರರು ಬಾಯಿ ತೆರೆಯುವುದರೊಳಗೆ ಯಂಕವ್ವನ ಹಣೆಗೆ ಕುಂಕುಮ ಹತ್ತಿತು, ಕೈಗೆ ಒಂದು ದಪ್ಪ ರಟ್ಟಿನ ಕಾದಂಬರಿ ಬಂತು. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಎದೆಗವಚಿಕೊಂಡು, ಕ್ಯಾಮರಾದತ್ತ ತಿರುಗಿ ನಕ್ಕಳು. ಮರಳಿ ಇಸಿದುಕೊಳ್ಳಲು ಮಾಸ್ತರರ ಕೈ ಮುಂದೆ ಬಂತು. ಆದರೆ ಆ ನಗು ಎಷ್ಟು ಚೆನ್ನಾಗಿತ್ತೆಂದರೆ, 'ಪುಸ್ತಕ ಹಿಡಿದು ಜನ ಹಿಂಗ ನಗಬೇಕಂತನ ಅಲ್ಲ ನಾ ಹೊಂಟದ್ದು?' ಎಂದು ತಮ್ಮನ್ನೇ ಸಮಾಧಾನ ಮಾಡಿಕೊಂಡರು. ಸಂಜೆಗೆ ಮೇಜು ಖಾಲಿಯಾಗಿತ್ತು. ಮನೆಗೆ ಹೋಗುವಾಗ ರಿಕ್ಷಾದಲ್ಲಿ ಮಾಸ್ತರರ ತೊಡೆಯ ಮೇಲೆ ಗೋಡೆಗಡಿಯಾರ ಇತ್ತು.

ಮಲಕಪ್ಪ ತಯಾರು ಮಾಡಿದ ಸಿಡಿ ಮುಕ್ಕಾಲು ತಾಸಿನದು.

"ಎರಡು ನಿಮಿಷ ಅಂದಿದ್ನೆಲ್ಲೊ," ಎಂದು ಮಾಸ್ತರರು ಅಂಗಲಾಚಿದರು.

"ಕಟ್ ಮಾಡಾಕ ಬರಂಗಿಲ್ರಿ ಸರ. ಹೋದ ವರ್ಷ ಒಂದು ಮದುವ್ಯಾಗ ವರನ ಸೋದರತ್ತಿ ಕಟ್ ಆಗಿದ್ಲು. ಆ ಮನಿಯವರು ಇನ್ನೂತನ ಒಬ್ಬರಿಗೊಬ್ಬರು ಮಾತಾಡಂಗಿಲ್ಲ. ನನ್ನೂ ಮಾತಾಡಸಂಗಿಲ್ಲ."

ಸಿಡಿ ಶುರುವಾದರೆ ಶಹನಾಯಿ. ತಾವರೆ ಅರಳುತ್ತದೆ, ಅದರೊಳಗಿಂದ ವ್ಯಾಕರಣದ ಪುಸ್ತಕ ಮೇಲೇಳುತ್ತದೆ. ಆಕಾಶದಿಂದ ಗುಲಾಬಿ ಎಸಳು ಸುರಿಯುತ್ತವೆ. ಹೃದಯದ ಆಕಾರದ ಚೌಕಟ್ಟಿನಲ್ಲಿ ಎಡಕ್ಕೆ ಮಾಸ್ತರರು, ಬಲಕ್ಕೆ ಇಂದೂಬಾಯಿ, ನಡುವೆ ನಿಘಂಟು. 'ಶುಭವಿವಾಹ' ಎಂದು ಬರುವ ಜಾಗದಲ್ಲಿ 'ಓದಿರಿ' ಎಂದು ಬಂಗಾರದ ಅಕ್ಷರ ಗಿರಗಿರ ತಿರುಗುತ್ತದೆ. ಇಂದೂಬಾಯಿ ನೋಡಿ, "ನಮ್ಮ ಲಗ್ನದಾಗ ಇಷ್ಟು ಛಲೋ ತಗದಿದ್ದಿಲ್ಲ," ಎಂದರು.

ಸ್ನೇಹಸಮ್ಮೇಳನದ ದಿನ ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿದರು. ಮಾಸ್ತರರು ಪರದೆಯ ಹಿಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಆದರೆ ತಮ್ಮ ತಮ್ಮ ಅವ್ವ, ಅಜ್ಜಿ, ಕಾಕಾ ಕಂಡಾಗಲೆಲ್ಲ ಮಕ್ಕಳು ಸೀಟಿ ಹೊಡೆದರು. ಜನ ಇನ್ನೊಮ್ಮೆ ಹಾಕಿಸಿದರು. ಬಹುಮಾನ ಹಂಚುವುದು ಮರುದಿನಕ್ಕೆ ಹೋಯಿತು.

ಆ ಮರುದಿನ ವಾಚನಾಲಯದ ಮುಂದೆ ಮಕ್ಕಳ ಸಾಲು ಗೇಟಿನವರೆಗೆ. ಬೆಕ್ಕು ಗಾಬರಿಯಾಗಿ ಕಿಟಕಿಯಿಂದ ಜಿಗಿದು ಓಡಿತು. ಮಾಸ್ತರರ ಕಣ್ಣು ತುಂಬಿ ಬಂದವು. ಸಪ್ನಾ ಎಲ್ಲರಿಗಿಂತ ಮುಂದೆ.

"ಸರ, ಒಂದು ಪುಸ್ತಕ ಕೊಡ್ರಿ. ಛಲೋ ದಪ್ಪಂದು."

"ಯಾವ ವಿಷಯದ್ದು ಬೇಕವಾ?"

"ಯಾವುದರೆ ನಡೀತದ್ರಿ. ರಟ್ಟು ಕೆಂಪು ಇರಲ್ರಿ."

ಹುಡುಗರ ಅಭಿರುಚಿ ಒಮ್ಮೆಲೇ ಪ್ರೌಢವಾಗುವುದಿಲ್ಲ, ದಪ್ಪ ಪುಸ್ತಕಕ್ಕೆ ಕೈ ಹಾಕಿದ್ದೇ ದೊಡ್ಡದು ಎಂದುಕೊಂಡು ಮಾಸ್ತರರು ಧಾರಾಳವಾಗಿ ಕೊಟ್ಟರು. ದಿನವೂ ಸಾಲು, ದಿನವೂ ಕಪಾಟು ಹಗುರ. ಮರಳಿ ಮಾತ್ರ ಒಂದೂ ಬರಲಿಲ್ಲ. "ಮಕ್ಕಳು ಎರಡೆರಡು ಸಲ ಓದ್ಲಿಕ್ಹತ್ಯಾವ," ಎಂದು ಮನೆಯಲ್ಲಿ ಬೀಗಿದರು.

ಆ ಭ್ರಮೆ ಹರಿದದ್ದು ಯಂಕವ್ವನ ತಮ್ಮನ ಮದುವೆಯಲ್ಲಿ. ಮಾಸ್ತರರು ಅಕ್ಷತೆ ಹಾಕಲು ಹೋಗಿ ನೋಡುತ್ತಾರೆ, ಮದುಮಗಳು ಮಾಯಾಳ ಪಕ್ಕದ ಮೇಜಿನ ಮೇಲೆ ತಮ್ಮ ವಾಚನಾಲಯವೇ ಕೂತಿದೆ. ಒಂದೊಂದು ಪುಸ್ತಕಕ್ಕೂ ಅರಿಷಿಣ ಕುಂಕುಮ, ಮೇಲೆ ಒಂದು ಎಲೆ ಅಡಿಕೆ. ಯಂಕವ್ವನನ್ನು ಮೂಲೆಗೆ ಕರೆದು, "ಯಂಕವ್ವ, ಇವು ಶಾಲೀವು. ಓದಿ ತಿರುಗಿ ಕೊಡಬೇಕವಾ," ಎಂದರು.

ಯಂಕವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಆಯೇರಿ ಕೊಟ್ಟದ್ದು ತಿರುಗಿ ಕೇಳ್ತಾರೇನ್ರಿ ಸರ? ಅಕ್ಕಾರು ನಮಗ ಕೊಟ್ರು, ನೀವು ಹುಡುಗರ ಕೈಯಾಗ ಕೊಟ್ರಿ, ನಾವು ಇವರಿಗಿ ಕೊಟ್ಟೀವಿ. ಪದ್ಧತಿ ಹಾಕಿದವರು ನೀವಽ. ಸಿಡ್ಯಾಗ ಅದ ನೋಡ್ರಿ."

ಮಾಸ್ತರರು ಬುಂದಿ ತಿನ್ನದೆ ಎದ್ದು ಬಂದರು. ಆ ರಟ್ಟುಗಳನ್ನು ಹಾಕುವಾಗ ಬೆರಳಿಗೆ ಅಂಟಿದ ಗೋಂದು ನೆನಪಾಗಿ ಅಳು ಬಂತು. ಆದರೂ ಒಂದು ಆಸೆ ಉಳಿದಿತ್ತು. ಮಕ್ಕಳು ಪುಸ್ತಕ ಒಯ್ದರೆ ಸಾಕು ಎಂದು ಚೇರಮನ್ನರೇ ಹೇಳಿದ್ದರಲ್ಲ. ಒಯ್ದದ್ದಂತೂ ಸುಳ್ಳಲ್ಲ. ಖೋಲಿ ಉಳಿದರೆ, ಸೈಕಲ್ ಹತ್ತಿ ಮತ್ತೆ ಮನೆಮನೆ ತಿರುಗಿದರಾಯಿತು.

ಸಿದ್ರಾಮಪ್ಪನವರು ಬಂದರು. ಬೋಳು ಕಪಾಟುಗಳನ್ನು ಸಂತೋಷದಿಂದ ತಟ್ಟಿ ನೋಡಿದರು.

"ಭಾಳ ದೊಡ್ಡ ಕೆಲಸ ಮಾಡಿದ್ರಿ ಮಾಸ್ತರ್ರ. ಒಂದ ಒಂದು ಪುಸ್ತಕ ಬಿಡದಂಗ ಮನಿಮನಿಗೆ ಮುಟ್ಟಿಸಿದ್ರಿ. ಇನ್ನ ಈ ಖೋಲಿ ಇಟಗೊಂಡು ಏನು ಮಾಡೂದು? ಸೋಮವಾರ ಕಂಪ್ಯೂಟರ್ ಬರ್ತಾವ."

ಕಂಪ್ಯೂಟರ್ ಖೋಲಿಯ ಉದ್ಘಾಟನೆಯಲ್ಲಿ ಮಾಸ್ತರರಿಗೆ ಸತ್ಕಾರವೂ ಆಯಿತು. ಶಾಲು, ತೆಂಗಿನಕಾಯಿ, ಬಣ್ಣದ ಕಾಗದ ಸುತ್ತಿದ ಒಂದು ಕಾಣಿಕೆ. ಚಪ್ಪಾಳೆ ತಟ್ಟಿದವರಲ್ಲಿ ಯಂಕವ್ವನೂ ಇದ್ದಳು. ಮನೆಗೆ ಬಂದು ಕಾಗದ ಬಿಚ್ಚಿದರೆ ಒಳಗಿಂದ ಹೊರಬಂದದ್ದು ಅವರ ವಾಚನಾಲಯದ್ದೇ ಒಂದು ಕಾದಂಬರಿ, ಅವರೇ ಒತ್ತಿದ ಶಾಲೆಯ ಶಿಕ್ಕೆಯ ಮೇಲೆ ಅರಿಷಿಣ. ಯಾವ ಯಾವ ಮದುವೆ ಸುತ್ತಿ ಚೇರಮನ್ನರ ಕೈಗೆ ಬಂದಿತ್ತೋ! ಮಾಸ್ತರರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಳೆದುಹೋದ ಕೂಸು ಸಿಕ್ಕವರಂತೆ ಮೊದಲ ಪುಟ ತೆರೆದರು.

ಇಂದೂಬಾಯಿ ಒಳಗಿನಿಂದ ಬಂದು ನೋಡಿದರು. ಹರಿಯದ ಹಾಗೆ ಬಣ್ಣದ ಕಾಗದವನ್ನು ಮೆಲ್ಲಗೆ ಮಡಚಿ ಇಟ್ಟುಕೊಂಡರು.

"ಲಗೂನ ಓದಿ ಮುಗಸ್ರಿ," ಎಂದರು. "ಶುಕ್ರವಾರ ಯೆರವಡಾದಾಗ ಒಂದು ಲಗ್ನ ಅದ."