ಹುಳುಮನೆಯಲ್ಲಿ ಸಾಕಿದ ಕಂಪ್ಯೂಟರ್

ನನ್ನ ಸೋದರಮಾವನನ್ನು ದಡ್ಡರೆನ್ನುವವರಿದ್ದಾರೆ. ಅದು ಅನ್ಯಾಯ. ದಡ್ಡರಿಗೆ ಏನೂ ಗೊತ್ತಿರುವುದಿಲ್ಲ. ಮಾವನಿಗೆ ರೇಷ್ಮೆ ಹುಳು ಸಾಕುವುದು ಪೂರ್ತಿ ಗೊತ್ತಿದೆ. ಲೋಕದಲ್ಲಿರುವುದೆಲ್ಲ ರೇಷ್ಮೆ ಹುಳುವೇ ಎಂದು ನಂಬಿರುವುದಷ್ಟೇ ಅವರ ತಪ್ಪು. ತೊಟ್ಟಿಲ ಮಗು ಅತ್ತರೆ “ಸೊಪ್ಪು ಸಾಲ್ದೇನೋ” ಎನ್ನುವ ಮನುಷ್ಯ!

ಇಂಥವರು ಶಾಗ್ಯ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ಹಳೆಯ ಬಿಡಿಭಾಗಗಳನ್ನು ಕೂಡಿಸಿ ಆಟದ ಕಂಪ್ಯೂಟರ್ ಕಟ್ಟಿದರು. ಕಟ್ಟುವಾಗ ನಾನು ಪಕ್ಕದಲ್ಲೇ ಇದ್ದೆ. ಆದ್ದರಿಂದ ಕಂಡದ್ದನ್ನು ಮಾತ್ರ, ಕಂಡ ಕ್ರಮದಲ್ಲೇ ಹೇಳುತ್ತೇನೆ. ಈಗಲೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ನಾನು ಬಾಗಿಲ ಕಡೆಗೆ ಸರಿಯುತ್ತೇನೆ.

ಕಂಪ್ಯೂಟರ್ ಕಟ್ಟಲು ಕಾರಣ ಅತ್ತೆ, ಮಾವನ ಹೆಂಡತಿ. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈಯ ಬೆರಳುಗಳು ಮಾತ್ರ ಮಡಚಿಕೊಂಡು ಕುಳಿತವು. ಆಡಿಸಿದರೆ ಬರುತ್ತವೆ, ಬಿಟ್ಟರೆ ಹಾಗೇ ಉಳಿಯುತ್ತವೆ ಎಂದರು ಡಾಕ್ಟರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅತ್ತೆ ನಾಯಿಗೆ ಹಾಕಿದರು. ಯಾರು ಬಂದರೂ ಆ ಕೈಯನ್ನು ಸೆರಗಿನೊಳಗೆ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಆ ಕೈ ಮನಸ್ಸಿಟ್ಟು ಆಡಿದ್ದು ಒಂದೇ ಸಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಮೌಸ್ ಹಿಡಿಸಿ, ಒಂದೇ ಬಣ್ಣದ ಗುಂಡುಗಳನ್ನು ಕೂಡಿಸಿ ಸಿಡಿಸುವ ಆಟ ಆಡಿಸಿದಾಗ. “ಮನೇಲೂ ಒಂದಿದ್ದಿದ್ರೆ ಚೆನ್ನಾಗಿತ್ತು” ಎಂದಳು ಹುಡುಗಿ, ಸುಮ್ಮನೆ. ಮಾವನ ಎದುರು ಯಾರೂ ಏನನ್ನೂ ಸುಮ್ಮನೆ ಹೇಳಬಾರದು!

“ಹೊಸದನ್ನೇ ತಂದ್ಬಿಡೋಣ ಮಾವ” ಎಂದೆ.

“ಹೊಸದು ಯಾಕ್ಲಾ? ಹುಳ ಸಾಕಾಕೆ ಹೊಸ ಮನ ಕಟ್ಸದವ್ರೆಲ್ಲಾ ಏನಾದ್ರು? ಹಳೇ ಮನೇಲೇ ಬೆಳ ಬರದು ಕಣ್ಲಾ!”

ಈ ವಾದಕ್ಕೆ ಉತ್ತರ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲು ಹನೂರಿಗೆ ಹೋದೆವು. ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನ ಮಾಲೀಕ ಹಳೆಯ ಮದರ್‌ಬೋರ್ಡನ್ನು ಪ್ರೊಸೆಸರ್ ಸಮೇತ ಕೊಟ್ಟು, ಹಾರ್ಡ್ ಡಿಸ್ಕ್‌ಗಳನ್ನು ಮೇಜಿನ ಮೇಲೆ ಹರಡಿ ಆರಿಸಿಕೊಳ್ಳಿ ಎಂದ. ರೇಷ್ಮೆ ಗೂಡು ಕೊಳ್ಳುವವರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ; ಒಳಗೆ ಹುಳು ನೆಟ್ಟಗಿದ್ದರೆ ಸದ್ದು ಬರುತ್ತದೆ. ಮಾವ ಡಿಸ್ಕ್‌ಗಳನ್ನು ಒಂದೊಂದಾಗಿ ಕಿವಿಗಿಟ್ಟು ಅಲ್ಲಾಡಿಸಿದರು. ಸದ್ದಿಲ್ಲದವನ್ನೆಲ್ಲ “ಸತ್ತೋಗವೆ” ಎಂದು ತಳ್ಳಿ, ಗಲಗಲ ಎಂದ ಒಂದನ್ನು ಹೆಮ್ಮೆಯಿಂದ ಜೇಬಿಗಿಳಿಸಿದರು. ಅಷ್ಟೂ ಡಿಸ್ಕ್‌ಗಳಲ್ಲಿ ಕೆಟ್ಟುಹೋಗಿದ್ದದ್ದು ಅದೊಂದೇ! ಮಾಲೀಕ ನನ್ನನ್ನು ನೋಡಿದ. ನಾನು ರಸ್ತೆಯನ್ನು ನೋಡಿದೆ.

ಗ್ರಾಫಿಕ್ಸ್ ಕಾರ್ಡಿಗೆ ಕೊಳ್ಳೇಗಾಲ. ಗುಂಡು ಸಿಡಿಸುವ ಆಟಕ್ಕೆ ಅದು ಬೇಕಾಗಿಲ್ಲ ಎಂದೆ. “ನಿಮ್ಮತ್ತ ಅಷ್ಟಕ್ಕೇ ನಿಂತಾಳಾ? ನಾಳೆ ಕಾರ್ ಓಡುಸ್ತಾಳೆ!” ಎಂದರು. ಅಂಗಡಿಯವನು ಹಳೆಯ ಕಾರ್ಡೊಂದನ್ನು ತೋರಿಸಿದ ಕೂಡಲೇ ಮಾವ ಹೆಗಲ ಟವೆಲು ತೆಗೆದು ಅವನ ಕೈಮೇಲೆ ಹೊದಿಸಿ, ಅದರೊಳಗೆ ಅವನ ಬೆರಳು ಒತ್ತಿ ಬೆಲೆ ಹೇಳತೊಡಗಿದರು. ದನದ ವ್ಯಾಪಾರ ಹೀಗೇ ತಾನೇ ನಡೆಯುವುದು?

“ಸಾ, ದುಡ್ಡು ಕಳ್ಸಾಕೆ ಸ್ಕ್ಯಾನರ್ ಅದೆ ಸಾ! ಕೈ ಯಾಕೆ?” ಎಂದು ಅವನು ಗಾಬರಿಯಾದ.

“ಮೆತ್ತಗೆ! ನಾಕ್ ಜನದ ಮುಂದ ಬೆಲೆ ಕೂಗುದ್ರೆ ಮಾಲಿಗೆ ದೃಷ್ಟಿ ಆಯ್ತದೆ.”

ಅವನು ಕೈ ಬಿಡಿಸಿಕೊಂಡರೆ ಸಾಕೆಂದು ಮಾವ ಕೇಳಿದ ಬೆಲೆಗೇ ಕೊಟ್ಟ. ಮಾನಿಟರ್ ನನ್ನ ಕಾಣಿಕೆ. ನಾನು ಕೆಲಸ ಮಾಡುವ ಯಳಂದೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಜೋಡಣೆ ಎಲ್ಲಿ? ಬೆಳೆ ತೆಗೆದು ಖಾಲಿಯಿದ್ದ ಹುಳುಮನೆಯಲ್ಲಿ. “ತಗಡಿನ ಡಬ್ಬಕ್ಕೆ ತುಂಬುದ್ರೆ ಉಸುರ್ ಕಟ್ಟಲ್ವಾ?” ಎಂದು ಕ್ಯಾಬಿನೆಟ್ಟನ್ನು ತಿರಸ್ಕರಿಸಿ, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಮದರ್‌ಬೋರ್ಡನ್ನು ದಾರದಿಂದ ಬಿಗಿದರು. ಗಾಳಿಯಾಟ ಉತ್ತಮವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿರಲಿಲ್ಲ. ನಾನು ಕರೆತಂದ ಮೆಕ್ಯಾನಿಕ್ಕನ್ನು ಬಾಗಿಲಲ್ಲೇ ಮೂಸಿ ನೋಡಿ, “ಸೆಂಟ್ ಹಾಕಂಡಿದೀಯ, ಓಗಪ್ಪ” ಎಂದು ಕಳಿಸಿದರು. ಹುಳುವಿಗೆ ವಾಸನೆ ಆಗದು, ನೋಡಿ! ಕೆಟ್ಟ ಡಿಸ್ಕನ್ನು ನಾನು ಗುಟ್ಟಾಗಿ ಬದಲಿಸಿದೆ.

ಆಮೇಲೆ ಮಾವ ಸುಣ್ಣದ ಪುಡಿಯ ಬಟ್ಟೆಗಂಟು ತಂದರು.

“ಅದೇನಕ್ಕೆ ಮಾವ?”

“ಯಾರ್ಯಾರ ಮನೇಲಿ ಬಾಳಿ ಬಂದಿದ್ದೋ! ರೋಗ ಇದ್ರೆ?”

ನಾನು ಕೈ ಹಿಡಿಯುವಷ್ಟರಲ್ಲಿ ಬೋರ್ಡಿನ ಮೇಲೆಲ್ಲ ಸುಣ್ಣ ಉದುರಿಸಿದ್ದರು. ಸೆಖೆಯೆಂದು ಸುತ್ತಲೂ ಒದ್ದೆ ಗೋಣಿತಾಟು ಬೇರೆ ಕಟ್ಟಿದರು. ನೀರಿಗೂ ಕರೆಂಟಿಗೂ ಆಗದು ಎಂದೆ. “ಈ ಸೆಖೆ ಹುಳುವೇ ತಡಿಯಾಕಿಲ್ಲ, ಇದು ತಡ್ದಾದಾ?” ಎಂದು ಸ್ವಿಚ್ ಒತ್ತಿದರು.

ನಾನು ಕಂಡದ್ದು ಇಷ್ಟು. ಮೊದಲು ಫ್ಯಾನ್ ತಿರುಗಿತು. ಸುಣ್ಣ ಮಂಜಿನಂತೆ ಎದ್ದಿತು. ಗೋಣಿಯಿಂದ ಒಂದು ಹನಿ ಪವರ್ ಸಪ್ಲೈ ಡಬ್ಬಿಯೊಳಗೆ ಇಳಿಯಿತು. ನೀಲಿ ಬೆಳಕು, ಢಮ್ಮೆಂಬ ಸದ್ದು, ಸುಟ್ಟ ವಾಸನೆ. ಆಮೇಲೆ ಮನೆಯ ಕರೆಂಟೇ ಹೋಯಿತು. ನಾನು ಆಗಲೇ ಬಾಗಿಲ ಹತ್ತಿರವಿದ್ದೆ. ಮಾವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು.

ಮನೆಯೊಳಗಿನಿಂದ ಅತ್ತೆಯ ದನಿ: “ಏನ್ರೀ ಸದ್ದು? ಇದೀರಾ?”

“ಇವ್ನಿ ಕಣಮ್ಮಿ!” ಎಂದ ಮಾವ ನನ್ನತ್ತ ತಿರುಗಿ, “ಎದ್ರುಕೋಬೇಡ, ಜ್ವರಕ್ಕೋಗದೆ” ಎಂದರು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹೊಗೆಯಾಡುತ್ತಿರುವ ಯಂತ್ರಕ್ಕೆ ಜ್ವರವಂತೆ!

ಬೇರೆ ಪವರ್ ಸಪ್ಲೈ ತಂದು, ಬಣ್ಣದ ಬ್ರಷ್ಷಿನಿಂದ ಸುಣ್ಣ ಗುಡಿಸಿದೆ. ಬೋರ್ಡು ಯಾಕೆ ಉಳಿಯಿತೋ ನನಗೆ ತಿಳಿಯದು. ಪರದೆ ಬೆಳಗಿತು. ಮಾವ ಅತ್ತೆಯನ್ನು ತೋಳು ಹಿಡಿದು ಕರೆತಂದು ಮಾನಿಟರಿನ ಮೇಜಿನ ಮುಂದೆ ಕೂರಿಸಿದರು. ಕೈ ಸೆರಗಿನೊಳಗೇ ಇತ್ತು.

“ನಂಗ್ಯಾಕ್ ಇವೆಲ್ಲ? ನೀವೇ ಆಡ್ಕಳಿ.”

ಮಾವ ಆಡಿದರು. ಬಾಗಿಲಲ್ಲಿ ನಿಂತೇ ಕಾಯಿಲೆಯ ಹುಳುವನ್ನು ಗುರುತಿಸುವ ಮನುಷ್ಯ ಹಸಿರು ಗುಂಡನ್ನು ಹಳದಿಗೆ ಹೊಡೆಯುತ್ತಿದ್ದರು, ಕೆಂಪನ್ನು ಗೋಡೆಗೆ ಹೊಡೆಯುತ್ತಿದ್ದರು. ಅವರು ಬೇಕೆಂದೇ ಸೋತರೆಂದು ಆಮೇಲೆ ಊರವರು ಹೇಳಿದರು. ನಾನು ಹತ್ತಿರದಿಂದ ನೋಡಿದ್ದೇನೆ. ಇಲ್ಲ, ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ.

“ಕೆಂಪು ಅಲ್ಲಿ ಅದೆ ಕಣ್ರೀ… ಎಡಕ್ಕ… ಅಯ್ಯೋ, ಎಡಕ್ಕ ಅಂದ್ರೆ! ತಗೀರಿ ಕೈಯ!”

ಸೆರಗಿನಿಂದ ಬಲಗೈ ಹೊರಬಂತು. ಮಾವನ ಕೈಯನ್ನು ಪಕ್ಕಕ್ಕೆ ತಳ್ಳಿ ಮೌಸಿನ ಮೇಲೆ ಕುಳಿತಿತು. ಬೆರಳುಗಳು ಮಡಚಿಕೊಂಡೇ ಇದ್ದವು. ತೋರುಬೆರಳು ಮಾತ್ರ ನಡುಗುತ್ತ, ಬಹಳ ನಿಧಾನವಾಗಿ ಬಿಚ್ಚಿಕೊಂಡು ಒತ್ತಿತು. ಕೆಂಪು ಗುಂಡುಗಳು ಸಾಲಾಗಿ ಸಿಡಿದವು. ಅತ್ತೆ ಇನ್ನೊಮ್ಮೆ ಒತ್ತಿದರು.

ಆಗಲೇ ಮೇಜಿನ ಹಿಂದೆ ಗೋಡೆಗೊರಗಿದ್ದ ಚಂದ್ರಿಕೆಯಲ್ಲಿ ಪ್ರೊಸೆಸರಿನ ಫ್ಯಾನ್ ತೊದಲಿ, ನಿಂತುಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಬಿಸಿಯೇರಿ ಎಲ್ಲ ಆರಿಹೋಗುತ್ತದೆ. ನಾನು ಸ್ವಿಚ್ಚಿಗೆ ಕೈ ಚಾಚಿದೆ. ಮಾವ ನನ್ನ ಮಣಿಕಟ್ಟು ಹಿಡಿದರು. ಮೂಲೆಯಲ್ಲಿದ್ದ ಮೊರ ಎತ್ತಿಕೊಂಡು, ಅತ್ತೆಗೆ ಕಾಣದ ಹಾಗೆ ಚಂದ್ರಿಕೆಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಬೀಸತೊಡಗಿದರು. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮುಂದೆ ಗುಂಡುಗಳು ಸಿಡಿಯುತ್ತಿದ್ದವು.

“ಎಷ್ಟೊತ್ತು ಮಾವ?” ಎಂದು ಪಿಸುಗುಟ್ಟಿದೆ.

“ಸುಮ್ನಿರ್ಲಾ. ಅವ್ಳು ಆಡೋ ಗಂಟ.”

ನಾನು ಇನ್ನೊಂದು ಮೊರ ಹುಡುಕಲು ಎದ್ದೆ.