ಆರಾಧನೆಯಲ್ಲಿ ಖೋ ಕೊಟ್ಟ ನಮ್ಮ ಮಾವ

ನಮ್ಮ ಸೋದರಮಾವ ಯಾವುದೋ ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದಾರೆಂದು ಕೇಳಿದ ಕೂಡಲೇ ನಾನು ಹಿಂಬಾಗಿಲು ಹುಡುಕುತ್ತೇನೆ. ಕೆಟ್ಟ ಕೆಲಸವಾದರೆ ಪರವಾಗಿಲ್ಲ, ಅದಕ್ಕೊಂದು ಮಿತಿ ಇರುತ್ತದೆ. ಮಾವನ ಒಳ್ಳೆಯ ಕೆಲಸಗಳಿಗೆ ಮಿತಿಯೆಂಬುದೇ ಇಲ್ಲ!

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಮಾಸ್ತರರಾಗಿದ್ದು ನಿವೃತ್ತರಾದವರು ಅವರು. ನನ್ನ ಮದುವೆಯ ಊಟದಲ್ಲಿ ನೂಕುನುಗ್ಗಲಾಯಿತೆಂದು ಬಂದವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಗಿಡ್ಡವರು ಮುಂದೆ, ಉದ್ದದವರು ಹಿಂದೆ. ಆ ಮದುವೆಯಲ್ಲಿ ಎಲ್ಲರಿಗಿಂತ ಉದ್ದ ಯಾರು ಹೇಳಿ? ಮದುಮಗ! ನನ್ನ ಪಾಳಿ ಬರುವಷ್ಟರಲ್ಲಿ ಹೋಳಿಗೆ ತೀರಿ, ಬರೀ ತುಪ್ಪ ಉಳಿದಿತ್ತು.

ಇಂಥವರು ಕಳೆದ ಬೇಸಿಗೆಯಲ್ಲಿ ಅಫಜಲಪುರದಿಂದ ಬಸ್ಸು ಹಿಡಿದು ಜೇವರ್ಗಿಯ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದರು:

"ಅಳಿಯಾ, ನಿಮ್ಮ ಚರ್ಚಿನ್ಯಾಗ ಒಂದು ಐತವಾರ ಆಟೋಟದ ಆರಾಧನಿ ಇಡೂಣು. ಕೂಸಿನಿಂದ ಹಿಡಿದು ಮುದುಕರ ತನಕ ಎಲ್ಲಾರೂ ಆಡಬೇಕು."

"ಆರಾಧನಿಯೊಳಗ ಆಟ ಏನ್ರಿ ಮಾವಾ?"

"ಯಾಕ, ಬೈಬಲಿನ್ಯಾಗ ಓಟದ ಮಾತಿಲ್ಲೇನು? ಕುಸ್ತಿ ಇಲ್ಲೇನು? ದೇವದೂತನ ಜೋಡಿ ಕುಸ್ತಿ ಹಿಡದ ಮಂದಿ ನಮ್ಮ ಹಿರಿಯರು! ನೀ ಸೆಕ್ರೆಟರಿ ಇದ್ದಿ, ಇಷ್ಟೂ ಮಾಲೂಮಿಲ್ಲ ನಿನಗ?"

ಹೌದು, ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿ ನಾನೇ. ಮೈಕು ಕಿರುಚಿದರೆ ನನಗೆ ಚಿಂತೆ, ಕಿರುಚದಿದ್ದರೆ ಕೆಟ್ಟು ಹೋಯಿತೇನೋ ಎಂದು ಇನ್ನೂ ದೊಡ್ಡ ಚಿಂತೆ. ಆದರೆ ಆಗಿನ ನನ್ನ ನಿಜವಾದ ಚಿಂತೆ ಅವ್ವನದು.

ನಮ್ಮ ಚರ್ಚಿನಲ್ಲಿ ಬೆಂಚುಗಳಿಲ್ಲ. ಜಮಖಾನ ಹಾಸಿ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಕೂಡುವುದು ಅಜ್ಜಂದಿರ ಕಾಲದ ರೂಢಿ. ಸೊಂಟದ ಎಲುಬು ಮುರಿದು ಆಪರೇಷನ್ ಆದ ಮೇಲೆ ಅವ್ವ ವಾಕರು ಹಿಡಿದೇ ನಡೆಯುತ್ತಿದ್ದಳು, ನೆಲದ ಮೇಲೆ ಕೂಡುವಂತಿರಲಿಲ್ಲ. ಒಂದು ಕುರ್ಚಿ ಹಾಕಿಸುತ್ತೇನೆಂದರೆ ಕೇಳಲಿಲ್ಲ. "ದೇವರ ಮುಂದ ಎಲ್ಲಾರೂ ನೆಲಕ್ಕ ಕುಂತಾಗ ನಾ ಒಬ್ಬಾಕಿ ತಹಶೀಲ್ದಾರಳಂಗ ಕುರ್ಚಿ ಮ್ಯಾಲೆ ಕುಂದರ್ಲೇನು? ಒಲ್ಲೆ!" ಒಂದು ವರ್ಷದಿಂದ ಪ್ರತಿ ಭಾನುವಾರ ಇಸ್ತ್ರಿಯ ಸೀರೆ ಉಟ್ಟು ಮನೆಯಲ್ಲೇ ಕಿಟಕಿಯ ಹತ್ತಿರ ಕೂಡುತ್ತಿದ್ದಳು. ನಾವು ಮರಳಿದರೆ ಯಾರು ಬಂದಿದ್ದರು, ಯಾವ ಹಾಡು ಹಾಡಿದರು ಎಂದು ಒಂದೊಂದೂ ಕೇಳುತ್ತಿದ್ದಳು. ಅವ್ವ ಇನ್ನು ಚರ್ಚಿನ ಹೊಸ್ತಿಲು ದಾಟುವುದೇ ಇಲ್ಲವೇನೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಇಂಥದರಲ್ಲಿ ಮಾವನಿಗೆ ಆಟವಂತೆ, ಓಟವಂತೆ!

ನನಗೆ ಸಂಶಯ ಶುರುವಾಯಿತು. ಮುಂದಿನ ತಿಂಗಳು ಸಭೆಯ ಕಮಿಟಿಯ ಚುನಾವಣೆ. ಮಾವ ಜೇವರ್ಗಿಗೇ ಬಂದು ಮನೆ ಮಾಡುತ್ತೇನೆಂದು ಎರಡು ಸಲ ಅಂದಿದ್ದರು. ಇದು ಆಟವಲ್ಲ, ಪ್ರಚಾರ!

"ನಿಮ್ಮ ಸೆಕ್ರೆಟರಿಕಿ ಯಾರಿಗೆ ಬೇಕ್ರಿ?" ಎಂದಳು ಹೆಂಡತಿ. "ಚರ್ಚಿನ ಕೀಲಿ ಹಿಡ್ಕೊಂಡು ಓಡ್ಯಾಡೋದು ಬಿಟ್ರ ಅದರಾಗ ಏನದ?"

ಹಾಗಾದರೆ ಅವರ ಕಣ್ಣು ಕೀಲಿಯ ಮೇಲೇ!

ಯೋಜನೆಯ ಸಭೆ ಸೇರಿತು. ಮಾವ ಎದ್ದು ನಿಂತು, "ಮೊದಲ ಹಗ್ಗ ಜಗ್ಗೂದು ಇಡೂಣು. ಈ ಕಡೆ ಗಂಡಸ್ರು, ಆ ಕಡೆ ಹೆಂಗಸ್ರು" ಎಂದರು.

"ಅದು ಮನ್ಯಾಗ ದಿನಾ ನಡೀತದ್ರಿ ಮಾಸ್ತರ" ಎಂದರು ಮಹಿಳಾ ಸಂಘದ ಅಧ್ಯಕ್ಷೆ. "ಹೊಸಾದೇನರ ಹೇಳ್ರಿ."

ಮಾವ ಹೊಸದನ್ನು ಹೇಳಿದರು. ಖೋ-ಖೋ ಪ್ರಾರ್ಥನೆ! ಎಲ್ಲರೂ ಸಾಲಾಗಿ ಕೂಡಬೇಕು. ಬೆನ್ನು ಮುಟ್ಟಿ "ಖೋ" ಎಂದ ಕೂಡಲೇ ಮುಟ್ಟಿಸಿಕೊಂಡವರು ಎದ್ದು, ಒಂದೇ ವಾಕ್ಯದ ಪ್ರಾರ್ಥನೆ ಮಾಡಿ, ಇನ್ನೊಬ್ಬರ ಬೆನ್ನು ಮುಟ್ಟಬೇಕು. ಮುಟ್ಟಿದವರು ಎದ್ದವರ ಜಾಗದಲ್ಲಿ ಕೂಡಬೇಕು.

"ವಯಸ್ಸಾದವರು ನೆಲದಿಂದ ಪಟಕ್ಕನ ಏಳೂದು ಹೆಂಗ?" ಎಂದು ಪ್ರಶ್ನೆಯನ್ನೂ ತಾವೇ ಕೇಳಿಕೊಂಡರು. "ಅದಕ್ಕ ಎಲ್ಲಾರಿಗೂ ಕುರ್ಚಿ ಬೇಕು. ಸಣ್ಣ ಹುಡುಗ್ರಿಗೂ, ಪಾಸ್ಟರಿಗೂ. ಒಂದೂ ಕಡಿಮಿ ಬೀಳಬಾರದು."

ಪಾಸ್ಟರ್ ತಲೆಯಾಡಿಸಿಬಿಟ್ಟರು. ನಾನು ಬಿಡಲಿಲ್ಲ. ಕುರ್ಚಿಯ ಮೇಲೆ ಖೋ-ಖೋ ಆಡಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ಕುರ್ಚಿ ಬಾಡಿಗೆಗೆ ಕೊಡುವ ಶಾಮಿಯಾನದ ಅಂಗಡಿಯವನಿಗೂ ಮಾವನಿಗೂ ಏನೋ ಒಳಒಪ್ಪಂದ! ಮಾರನೆಯ ದಿನ ಮುಖಕ್ಕೆ ಟವೆಲು ಸುತ್ತಿಕೊಂಡು ಆ ಅಂಗಡಿಗೆ ಪತ್ತೇದಾರಿಕೆಗೆ ಹೋದೆ.

"ಬರ್ರಿ ಸೆಕ್ರೆಟರಿ ಸಾಹೇಬ್ರ" ಎಂದ ಅಂಗಡಿಯವನು, ನಾನಿನ್ನೂ ಟವೆಲು ಬಿಚ್ಚಿಯೇ ಇರಲಿಲ್ಲ. "ಅಳಿಯಾ ಶಕ್ ಮಾಡಿ ಕೇಳಾಕ ಬರ್ತಾನ, ಚಹಾ ಕೊಟ್ಟು ಕಳಸಂತ ನಿಮ್ಮ ಮಾವ ಹೇಳಿ ಹೋಗ್ಯಾರ್ರಿ."

ಚಹಾದಲ್ಲಿ ಸಕ್ಕರೆ ಸಹ ನನಗೆ ಬೇಕಾದಷ್ಟೇ ಇತ್ತು. ಸಂಶಯ ದುಪ್ಪಟ್ಟಾಯಿತು!

ಶನಿವಾರ ಮಧ್ಯಾಹ್ನ ಅವ್ವ ಕರೆದಳು. "ಏ, ನಾಳೆ ಎಲ್ಲಾರಿಗೂ ಕುರ್ಚಿ ಅಂತ, ಖರೇನು?"

"ಹೂಂ ಬೇ."

"ಪಾಸ್ಟರಿಗೂ?"

"ಅವರಿಗೂ."

"ಹಂಗಾರ ನೋಡಾಕ ಬರ್ತೇನಿ."

ಬೇರೆ ಯಾವ ಮಗನಾದರೂ ಕುಣಿದಾಡುತ್ತಿದ್ದ. ನನಗೋ, ಕುರ್ಚಿಯ ಕಾಲು ಜಾರಿದರೆ? ಯಾರೋ ಹಿಂದಿನಿಂದ ಖೋ ಎಂದಾಗ ಬೆಚ್ಚಿ ಬಿದ್ದರೆ? ಮತ್ತೆ ಅದೇ ಎಲುಬು ಮುರಿದರೆ? ಭಾನುವಾರ ಬೆಳಿಗ್ಗೆ ಅವ್ವನನ್ನು ಎರಡನೆಯ ಸಾಲಿನಲ್ಲಿ ಕೂಡಿಸಿ, ಒಬ್ಬೊಬ್ಬರ ಕಿವಿಯಲ್ಲೂ ಗುಟ್ಟಾಗಿ ಹೇಳಿ ಬಂದೆ: "ನಮ್ಮವ್ವಗ ಮಾತ್ರ ಖೋ ಕೊಡಬ್ಯಾಡ್ರಿ."

ಮೊದಲ ಖೋ ಸಂಡೇ ಸ್ಕೂಲಿನ ಪುಟ್ಟ ಹುಡುಗಿಗೆ. "ಯೇಸಪ್ಪಾ, ನಮ್ಮ ಟೀಚರಿಗೆ ಸಿಟ್ಟು ಕಡಿಮಿ ಮಾಡು" ಎಂದು ಪ್ರಾರ್ಥಿಸಿ, ಓಡಿಹೋಗಿ ಟೀಚರಿಗೇ ಖೋ ಕೊಟ್ಟಿತು! ಆದಾಮನಿಂದ ಶುರುಮಾಡಿ ಅರ್ಧ ಗಂಟೆ ಪ್ರಾರ್ಥಿಸುವ ಹಿರಿಯರೊಬ್ಬರಿದ್ದಾರೆ. ಅವರು ವಾಕ್ಯವನ್ನು ಮುಗಿಸದೆ ಎಳೆಯುತ್ತಲೇ ಹೋದಾಗ ಅಂಪಾಯರಾಗಿದ್ದ ಮಾವ "ಫೌಲ್!" ಎಂದು ಕೂಗಿದರು. ಪಾಸ್ಟರ್ ಮುಖ ಮುಚ್ಚಿಕೊಂಡು ನಕ್ಕರು. ಹತ್ತು ನಿಮಿಷದಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಎಂಬುದೇ ಉಳಿಯಲಿಲ್ಲ. ಮದುವೆಯ ದಿನ ಬಿಟ್ಟರೆ ಚರ್ಚಿನಲ್ಲಿ ಹೆಂಡತಿ ನನ್ನ ಪಕ್ಕದಲ್ಲಿ ಕೂತದ್ದು ಅದೇ ಮೊದಲು. "ಜರಾ ಸರೀರಿ" ಎಂದಳು.

ಖೋ ಎಲ್ಲರನ್ನೂ ಸುತ್ತಿ ಬಂದು ನಿಂತಿತು. ಉಳಿದದ್ದು ಒಬ್ಬಳೇ. ಅವ್ವ.

ಯಾರೂ ಮುಟ್ಟಲಿಲ್ಲ. ನಾನೇ ಹೇಳಿದ್ದೆನಲ್ಲ! ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿದ್ದಳು. ಬರುವುದಿಲ್ಲವೆಂದು ಗೊತ್ತಾದಾಗ ಅವಳ ಮುಖ ಕಿಟಕಿಯ ಹತ್ತಿರ ಕೂಡುವಾಗಿನ ಮುಖವಾಯಿತು. ಅಷ್ಟು ಮಂದಿಯ ನಡುವೆ ಅವಳೊಬ್ಬಳನ್ನೇ ಬೇರೆ ಮಾಡಿದವನು ನಾನು.

ಮಾವ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಅಕ್ಕನ ಹಿಂದೆ ಹೋಗಿ ಮೆಲ್ಲಗೆ ಬೆನ್ನು ಮುಟ್ಟಿದರು.

"ಖೋ, ಅಕ್ಕಾ."

ನಾನು ಹಿಡಿಯಲು ಧಾವಿಸಿದೆ. ಮಾವ ಕೈಯೆತ್ತಿ ತಡೆದರು. ಅವ್ವ ವಾಕರು ಹಿಡಿದು ಎದ್ದಳು. ಎಷ್ಟು ಹೊತ್ತು ಹಿಡಿಯಿತೋ, ಸಭೆ ಅಷ್ಟು ಹೊತ್ತೂ ಕಾದಿತು.

"ಸ್ವಾಮೀ, ನಿನ್ನ ಮನಿ ನಾ ಬಿಟ್ಟಾಗ ಹೆಂಗಿತ್ತೋ ಹಂಗೇ ಅದ" ಎಂದಳು. ಹಿಂದೆ ತಿರುಗಿದರೆ, ನಿಯಮದ ಪ್ರಕಾರ ಮಾವ ಅವಳ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಅವ್ವ ತಮ್ಮನ ಬೋಳುತಲೆಯ ಮೇಲೆ ಕೈಯಿಟ್ಟಳು.

"ಖೋ. ಏಳು, ನನ್ನ ಕುರ್ಚಿ ಬಿಡು."

ಸಭೆ ಗೊಳ್ಳೆಂದು ನಕ್ಕಿತು. ಮಾವ ಎದ್ದು, ಅಕ್ಕ ಕೂಡುವ ತನಕ ಕುರ್ಚಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಈಗ ಅವರ ಪ್ರಾರ್ಥನೆಯ ಪಾಳಿ. ಮೂರು ತಾಲೂಕುಗಳ ಮೈದಾನ ನಡುಗಿಸಿದ ಮನುಷ್ಯ ತಮ್ಮ ಅಂಗಿಯ ಗುಂಡಿಗಷ್ಟೇ ಕೇಳುವಂತೆ ಏನೋ ಗೊಣಗಿದರು. ತುಟಿ ಅಲುಗಿದ್ದಷ್ಟೇ ಕಂಡಿತು.

"ಜೋರಾಗಿ ಹೇಳೋ" ಎಂದಳು ಅವ್ವ, ತಿರುಗಿ ನೋಡದೆ. "ಹಿಂದ ಕುಂತಾವರಿಗೆ ಕೇಳಬೇಕು."

ಮಾವ ನೆಟ್ಟಗೆ ನಿಂತು ಮೈದಾನದ ದನಿಯಲ್ಲೇ ಕೂಗಿದರು:

"ಸ್ವಾಮೀ, ನಮ್ಮಕ್ಕ ಬಂದಾಳ!"